ಮನಸ್ಸು, ಮಿದುಳು, ಮದ್ದು: ಪರೀಕ್ಷೆಗೆ ಮುಖ್ಯಾಂಶಗಳು

ಥಾಣೆಯಲ್ಲಿ
• ಪ್ರಾದೇಶಿಕ ಮನೋರೋಗ ಆಸ್ಪತ್ರೆ: ಸ್ಥಾಪನೆ 1901. ಮಹಾರಾಷ್ಟ್ರ ಸರ್ಕಾರದ ಹಳೆಯ ನಾಲ್ಕು ಪ್ರಾದೇಶಿಕ ಆಸ್ಪತ್ರೆಗಳಲ್ಲಿ ಒಂದು. ಉಳಿದವು: ಪುಣೆಯ ಯೆರವಡಾ, ನಾಗಪುರ, ರತ್ನಾಗಿರಿ.
• ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ (ಐಪಿಎಚ್): 1990. ಸ್ಥಾಪಕರು ಮನೋವೈದ್ಯ ಡಾ. ಆನಂದ ನಾಡಕರ್ಣಿ.

ಪ್ರಯೋಗಾಲಯದಿಂದ
• 2002, ಬೆಂಗಳೂರು: ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರ ಅಧ್ಯಯನ. ದಿನಗಟ್ಟಲೆ ಒತ್ತಡ ಅನುಭವಿಸಿದ ಇಲಿಗಳಲ್ಲಿ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲು ಕುಗ್ಗಿದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಕವಲು ಹೆಚ್ಚಿದವು. ಒತ್ತಡ ಒಂದೇ, ಪರಿಣಾಮ ಮಾತ್ರ ತದ್ವಿರುದ್ಧ.
• 2019, ಮುಂಬಯಿ: ಟಿಐಎಫ್‌ಆರ್‌ನ ವಿದಿತಾ ವೈದ್ಯ, ಉಲ್ಲಾಸ್ ಕೊಲ್ತೂರ್-ಸೀತಾರಾಮ್ ತಂಡದ ಅಧ್ಯಯನ. ಮಿದುಳಿನ ರಾಸಾಯನಿಕ ಸೆರೊಟೊನಿನ್, ನರಕೋಶಗಳಲ್ಲಿ ಮೈಟೊಕಾಂಡ್ರಿಯಾಗಳ ಸಂಖ್ಯೆ ಹೆಚ್ಚಿಸಿ ಶಕ್ತಿ ಉತ್ಪಾದನೆಗೆ ನೆರವಾಗುತ್ತದೆ. ವೈದ್ಯ ಅವರಿಗೆ 2015ರಲ್ಲಿ ಭಟ್ನಾಗರ್ ಪ್ರಶಸ್ತಿ, 2022ರಲ್ಲಿ ಜೀವವಿಜ್ಞಾನದ ಇನ್ಫೋಸಿಸ್ ಪ್ರಶಸ್ತಿ.
• 2022, ಲಂಡನ್: ಜೋಆನ್ನಾ ಮಾಂಕ್ರೀಫ್ ತಂಡದ ವಿಮರ್ಶೆ. ಸೆರೊಟೊನಿನ್ ಕೊರತೆಯೇ ಖಿನ್ನತೆಗೆ ಕಾರಣ ಎನ್ನಲು ಗಟ್ಟಿಯಾದ ಆಧಾರ ಸಿಗಲಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಈ ವಿಮರ್ಶೆ ಪರೀಕ್ಷಿಸಿಲ್ಲ.

ಯೋಜನೆ, ಸಮೀಕ್ಷೆ, ಕಾನೂನು
• ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ: 1982. ಜಿಲ್ಲಾ ಕಾರ್ಯಕ್ರಮ: 1996, ಮಾದರಿ ನಮ್ಮ ಬಳ್ಳಾರಿ.
• ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 2015–16: ನಡೆಸಿದ್ದು ನಿಮ್ಹಾನ್ಸ್, 12 ರಾಜ್ಯಗಳಲ್ಲಿ. ವಯಸ್ಕರಲ್ಲಿ ಸಮೀಕ್ಷೆಯ ವೇಳೆಗೆ ತೊಂದರೆಯಿದ್ದವರು ಶೇ 10.6; ಜೀವಿತದಲ್ಲಿ ಒಮ್ಮೆಯಾದರೂ ತೊಂದರೆಗೊಳಗಾದವರು ಶೇ 13.7. ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92.
• ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017: ಜಾರಿಗೆ ಬಂದದ್ದು 2018ರ ಮೇ 29. ಕಲಂ 115: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಹಾಗಲ್ಲವೆಂದು ಸಾಬೀತಾಗದ ಹೊರತು ಶಿಕ್ಷೆಯಿಲ್ಲ.
• ಟೆಲಿ ಮಾನಸ್ ಸಹಾಯವಾಣಿ: 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭ. ಸಂಖ್ಯೆ 14416, ಉಚಿತ, ದಿನದ 24 ಗಂಟೆ.

ಎಡವುವ ಜಾಗಗಳು
• 12 ರಾಜ್ಯಗಳ ಸಮೀಕ್ಷೆಯಲ್ಲಿ ಕರ್ನಾಟಕವೂ ಇಲ್ಲ, ಮಹಾರಾಷ್ಟ್ರವೂ ಇಲ್ಲ.
• ಕಾಯ್ದೆಯ ಹೆಸರಿನಲ್ಲಿ 2017, ಜಾರಿ 2018.
• 1982 ರಾಷ್ಟ್ರಕ್ಕೆ, 1996 ಜಿಲ್ಲೆಗೆ.
• 14416 ಅಂಕಕ್ಕಷ್ಟೇ ಅಲ್ಲ. ಕರೆ ಮಾಡಿದವರು ಭಾಷೆ ಆರಿಸಿಕೊಳ್ಳಬಹುದು: ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡದ ಮನೆಗಳಲ್ಲೂ ಈ ಸಂಖ್ಯೆ ಗೋಡೆಯ ಮೇಲಿರಲಿ.