ಅರ್ಜಿಗೆ ವಿಳಾಸ ಬರೆಯುವ ಕೆಲಸ

ಜನ ಸಂಸದರನ್ನು ನೋಡುವುದು ಎರಡೇ ಕಡೆ. ಒಂದು ಟಿ.ವಿ.ಯಲ್ಲಿ, ಸದನದಲ್ಲಿ ಎದ್ದು ನಿಂತಾಗ. ಇನ್ನೊಂದು ಮದುವೆಮನೆಯಲ್ಲಿ, ಅಕ್ಷತೆ ಹಾಕುವಾಗ. ಇವೆರಡರ ನಡುವೆ ನಡೆಯುವುದೆಲ್ಲ ಕಾಗದದ ಕೆಲಸ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಸದರ ಕಚೇರಿಯಲ್ಲಿ ಆಪ್ತ ಸಹಾಯಕನಾಗಿ ಆ ಕಾಗದಗಳ ನಡುವೆಯೇ ಬಹಳ ವರ್ಷ ಕಳೆದೆ. ಅಲ್ಲಿ ಕಲಿತದ್ದರಲ್ಲಿ ಹೊಸಬರಿಗೆ ಉಪಯೋಗಕ್ಕೆ ಬರಬಹುದಾದ ಕೆಲವನ್ನು ಬರೆದಿಡುತ್ತಿದ್ದೇನೆ.

1. ಊರು ಯಾರ ಪಾಲಿಗೆ ಬರುತ್ತದೆ ಎಂಬುದು ಬಾಯಿಪಾಠವಾಗಿರಲಿ

ಉದಾಹರಣೆಗೆ, ಕೆಂಚಾರ್ಲಹಳ್ಳಿ ಚಿಂತಾಮಣಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಜಿಲ್ಲೆ ಚಿಕ್ಕಬಳ್ಳಾಪುರ, ಲೋಕಸಭೆಗೆ ಮಾತ್ರ ಕೋಲಾರ. 2007ರಲ್ಲಿ ಕೋಲಾರ ಜಿಲ್ಲೆ ಇಬ್ಭಾಗವಾಯಿತು. ಚಿಂತಾಮಣಿ, ಶಿಡ್ಲಘಟ್ಟ ಹೊಸ ಜಿಲ್ಲೆಗೆ ಹೋದರೂ ಲೋಕಸಭೆಯ ಲೆಕ್ಕದಲ್ಲಿ ಕೋಲಾರದ ಜೊತೆಯೇ ಉಳಿದವು. ಗೌರಿಬಿದನೂರು, ಬಾಗೇಪಲ್ಲಿಗಳು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿವೆ. ಹಾಗಾಗಿ ಕೆಂಚಾರ್ಲಹಳ್ಳಿಯವರ ಡಿ.ಸಿ. ಒಂದು ಊರಲ್ಲಿ, ಎಂ.ಪಿ. ಕಚೇರಿ ಇನ್ನೊಂದು ಊರಲ್ಲಿ. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ‘ದಿಶಾ’ ಸಭೆಯೂ ಎರಡೆರಡು ಕಡೆ.

ಬರುವ ಅರ್ಜಿಗಳಲ್ಲಿ ಹೆಚ್ಚಿನವು ಸಂಸದರಿಗೆ ಸೇರಿದವೇ ಅಲ್ಲ. ಪಹಣಿ ತಿದ್ದುಪಡಿ, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್, ನಿಂತುಹೋದ ವೃದ್ಧಾಪ್ಯ ವೇತನ. ‘ಇದು ತಹಶೀಲ್ದಾರರ ಕೆಲಸ, ಅಲ್ಲಿಗೆ ಹೋಗಿ’ ಎಂದು ಕಳಿಸುವುದು ಕಾನೂನಿನ ಪ್ರಕಾರ ಸರಿ. ಆದರೆ ಬಸ್ ಹಿಡಿದು ಬಂದವರು ಅದನ್ನು ಕೇಳುವುದಕ್ಕೆ ಬಂದಿರುವುದಿಲ್ಲ. ಅವರ ಎದುರಿಗೇ ಫೋನ್ ಮಾಡಿ, ಯಾರ ಟೇಬಲ್ಲಿನಲ್ಲಿ ಫೈಲು ಕೂತಿದೆ ಎಂದು ಕೇಳಿ, ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಹೆಚ್ಚಿನವರಿಗೆ ಬೇಕಾದದ್ದು ಅಷ್ಟೇ.

2. ವಾರದ ಲೆಕ್ಕ ಸೋಮವಾರದಿಂದ ಶುರುವಾಗುವುದಿಲ್ಲ

ಅಧಿವೇಶನ ಇರುವಾಗ ಪ್ರತಿಯೊಂದು ಸಚಿವಾಲಯಕ್ಕೂ ಪ್ರಶ್ನೆಗಳಿಗೆ ಉತ್ತರಿಸಲು ವಾರದಲ್ಲಿ ಒಂದು ದಿನ ನಿಗದಿಯಾಗಿರುತ್ತದೆ. ಲೋಕಸಭೆಯಲ್ಲಿ ವಿದೇಶಾಂಗದ ಸರದಿ ಇತ್ತೀಚಿನ ವರ್ಷಗಳಲ್ಲಿ ಶುಕ್ರವಾರ. ಆ ದಿನ ಉತ್ತರ ಬೇಕಿದ್ದರೆ ಕನಿಷ್ಠ 15 ದಿನ ಮೊದಲೇ ನೋಟಿಸು ಹೋಗಿರಬೇಕು. ಅಂದರೆ ಈ ವಾರ ನೀವು ಮಾಡುತ್ತಿರುವುದು ಮೂರನೇ ವಾರದ ಕೆಲಸ. ಈ ವಾರದ ಉತ್ತರ ನೀವು ಯಾವಾಗಲೋ ಕೇಳಿ ಮರೆತದ್ದರದು.

ಒಬ್ಬ ಸದಸ್ಯರು ದಿನಕ್ಕೆ ಐದು ಪ್ರಶ್ನೆಗಳವರೆಗೆ ನೋಟಿಸು ಕೊಡಬಹುದು. ಆಮೇಲೆಲ್ಲ ಚೀಟಿ ಎತ್ತುವುದು. ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20, ಲಿಖಿತ ಉತ್ತರದವು 230. ಆ ಇಪ್ಪತ್ತರಲ್ಲೂ ಐದಾರು ಮುಗಿಯುವಷ್ಟರಲ್ಲಿ ಹನ್ನೆರಡು ಹೊಡೆದು ಪ್ರಶ್ನೋತ್ತರದ ಅವಧಿ ಮುಗಿಯುತ್ತದೆ. ಹೊಸ ಸಂಸದರಿಗೆ ಚುಕ್ಕೆ ಗುರುತಿನ ಮೇಲೆ ಮೋಹ, ಟಿ.ವಿ.ಯಲ್ಲಿ ಕಾಣಿಸಿಕೊಳ್ಳಬಹುದಲ್ಲ. ನನ್ನನ್ನು ಕೇಳಿದರೆ ಲಿಖಿತ ಉತ್ತರವೇ ಮೇಲು. ಅಂಕಿ-ಅಂಶದ ಪಟ್ಟಿ ಸಮೇತ ಬರುತ್ತದೆ, ಹತ್ತು ವರ್ಷ ಕಳೆದರೂ ಅದನ್ನು ಹಿಡಿದು ಮಾತಾಡಬಹುದು.

ಶುಕ್ರವಾರ ಸಂಜೆ ವಿಮಾನ ಹತ್ತಿದರೆ ರಾತ್ರಿ ದೇವನಹಳ್ಳಿ. ಶನಿವಾರ, ಭಾನುವಾರ ಗೃಹಪ್ರವೇಶ, ತಿಥಿ, ಜಾತ್ರೆ. ಇವನ್ನು ಕಾಲಹರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಿಥಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಹೇಳುವ ಮಾತು ಯಾವ ಇಲಾಖೆಯ ವರದಿಯಲ್ಲೂ ಸಿಗುವುದಿಲ್ಲ. ಆಂಧ್ರಕ್ಕೆ ಅಂಟಿದ ನಮ್ಮ ಗಡಿ ಭಾಗದಲ್ಲಿ ಆ ಮಾತು ಹೆಚ್ಚಾಗಿ ತೆಲುಗಿನಲ್ಲಿರುತ್ತದೆ, ಅರ್ಜಿ ಕನ್ನಡದಲ್ಲಿ ಬರುತ್ತದೆ, ದೆಹಲಿಗೆ ಇಂಗ್ಲಿಷಿನಲ್ಲಿ ಹೋಗುತ್ತದೆ. ಮೂರನ್ನೂ ಬಲ್ಲ ಒಬ್ಬರು ಕಚೇರಿಯಲ್ಲಿ ಇರಲೇಬೇಕು.

3. ವಿದೇಶಾಂಗ ನೀತಿ ಗೂಡಿನ ಮಾರುಕಟ್ಟೆಯಲ್ಲೂ ಇದೆ

ವಿದೇಶಾಂಗ ಎಂದರೆ ಪ್ರಧಾನಿಯವರ ಪ್ರವಾಸ, ವಿಶ್ವಸಂಸ್ಥೆ, ಗಡಿ ತಂಟೆ ಎಂದುಕೊಂಡವರು ಒಂದು ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರಬೇಕು. ಜಾಲರಿಗಳಲ್ಲಿ ಗೂಡು ಸುರಿದಿರುತ್ತದೆ. ನೂಲು ಬಿಚ್ಚುವ ರೀಲರು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಬೆರಳಿನಿಂದ ಒತ್ತಿ ನೋಡುತ್ತಾನೆ. ಆ ದಿನ ಅವನು ಎಷ್ಟು ಬೆಲೆ ಕಟ್ಟಬೇಕು ಎಂಬುದನ್ನು ಗೂಡಿನ ಗುಣವೊಂದೇ ತೀರ್ಮಾನಿಸುವುದಿಲ್ಲ. ಚೀನಾದ ಕಚ್ಚಾ ರೇಷ್ಮೆ ಯಾವ ದರಕ್ಕೆ ಬಂದರಿಗೆ ಬಂದು ಇಳಿಯುತ್ತಿದೆ ಎಂಬುದೂ ಅವನ ತಲೆಯಲ್ಲಿರುತ್ತದೆ.

2011ರ ಫೆಬ್ರುವರಿಯ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಗೂಡಿನ ದರ ಕುಸಿಯಿತು, ರೇಷ್ಮೆ ಬೆಳೆಗಾರರು ಬೀದಿಗಿಳಿದರು. ಬೇರೆ ಬೆಳೆಯಾದರೆ ನಾಲ್ಕು ದಿನ ಕಾಯಬಹುದು. ಗೂಡು ಕಾಯುವುದಿಲ್ಲ. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿ ಕೆಲವೇ ದಿನಗಳಲ್ಲಿ ಮಾರದಿದ್ದರೆ ಒಳಗಿನ ಚಿಟ್ಟೆ ತೂತು ಕೊರೆದು ಹೊರಗೆ ಬರುತ್ತದೆ, ನೂಲು ಬಿಚ್ಚುವುದಕ್ಕೆ ಆಗುವುದಿಲ್ಲ. ಸೊಪ್ಪಿಗೆ, ಕೂಲಿಗೆ ತಿಂಗಳಿಡೀ ಹಾಕಿದ ದುಡ್ಡು ಅಲ್ಲಿಗೆ ಹೋಯಿತು. ದೆಹಲಿಯ ಒಂದು ಸಾಲು ಇಲ್ಲಿನ ಮನೆಯೊಳಗೆ ಎಷ್ಟು ಬೇಗ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ನಡುವೆ ಶೇ. 10ಕ್ಕೆ ಇಳಿದಿದ್ದದ್ದು 2021ರ ಬಜೆಟ್ಟಿನಲ್ಲಿ ಪುನಃ 15ಕ್ಕೆ ಬಂತು.

ಇಷ್ಟು ಕೇಳಿದರೆ ‘ಸುಂಕ ಏರಿಸಿ’ ಎಂದು ಕೂಗುವುದೇ ಸಂಸದರ ಕೆಲಸ ಅನ್ನಿಸುತ್ತದೆ. ಆದರೆ ಪಕ್ಕದ ಕ್ಷೇತ್ರದ ದೊಡ್ಡಬಳ್ಳಾಪುರಕ್ಕೆ ಹೋಗಿ. ಅಲ್ಲಿನ ವಿದ್ಯುತ್ ಮಗ್ಗದವರಿಗೆ ನೂಲು ಅಗ್ಗವಾಗಬೇಕು. ಗಡಿಯಾಚೆ ಧರ್ಮಾವರದ ಸೀರೆ ನೇಯುವವರಿಗೂ ಅಷ್ಟೇ, ವಾರಾಣಸಿಯವರಿಗೂ ಅಷ್ಟೇ. ಚೀನಾದ ಜೊತೆಗಿನ ಜಗಳ ಎಂದುಕೊಂಡದ್ದು ಅರ್ಧ ದಾರಿಯಲ್ಲಿ ಶಿಡ್ಲಘಟ್ಟಕ್ಕೂ ದೊಡ್ಡಬಳ್ಳಾಪುರಕ್ಕೂ ನಡುವಿನ ಜಗಳ ಆಗಿರುತ್ತದೆ. ಸುಂಕದ ಬಗ್ಗೆ ಬಾಯಿ ಬಿಡುವ ಮುಂಚೆ ಆ ಪಕ್ಕದ ಕ್ಷೇತ್ರದ ಸಂಸದರ ಜೊತೆ ಒಂದು ಕಾಫಿ ಕುಡಿಯುವುದು ಒಳ್ಳೆಯದು. ಸದನದಲ್ಲಿ ಇಬ್ಬರೂ ಎದ್ದು ಒಬ್ಬರ ವಿರುದ್ಧ ಒಬ್ಬರು ಮಾತಾಡಿದರೆ ಸಚಿವರಿಗೆ ಹಬ್ಬ.

ಇನ್ನೊಂದು ದಾರಿಯನ್ನು ಬಹಳ ಜನ ಗಮನಿಸುವುದಿಲ್ಲ. ಕೇಂದ್ರ ರೇಷ್ಮೆ ಮಂಡಳಿಯಲ್ಲಿ ಲೋಕಸಭೆಯಿಂದ ನಾಲ್ವರು, ರಾಜ್ಯಸಭೆಯಿಂದ ಇಬ್ಬರು ಸದಸ್ಯರಿಗೆ ಜಾಗ ಇದೆ. 1948ರ ಕಾಯ್ದೆಯಲ್ಲೇ ಇರುವ ವ್ಯವಸ್ಥೆ ಅದು. ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಶಿಡ್ಲಘಟ್ಟವನ್ನು ಪ್ರತಿನಿಧಿಸುವವರು ಆ ಕುರ್ಚಿಗೆ ಪ್ರಯತ್ನಿಸದಿದ್ದರೆ ಇನ್ನು ಯಾರು ಪ್ರಯತ್ನಿಸಬೇಕು?

4. ಪ್ರಶ್ನೆ ಉದ್ದವಾದಷ್ಟೂ ಉತ್ತರ ಗಿಡ್ಡವಾಗುತ್ತದೆ

ನಿಯಮದ ಪ್ರಕಾರ ಪ್ರಶ್ನೆ 150 ಪದ ಮೀರಬಾರದು, ಅದರಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು. ‘ರೇಷ್ಮೆ ರೈತರ ಸಂಕಷ್ಟ ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಸರ್ಕಾರ ಹಲವು ಕ್ರಮ ಕೈಗೊಂಡಿದೆ’ ಎಂದು ಯೋಜನೆಗಳ ಹೆಸರುಗಳನ್ನು ಪೋಣಿಸಿ ಕಳಿಸುತ್ತಾರೆ. ಅದನ್ನು ತಂದು ಊರಲ್ಲಿ ಯಾರಿಗೆ ತೋರಿಸುತ್ತೀರಿ?

ಹೀಗೆ ಕೇಳಿ. ಕಳೆದ ಮೂರು ವರ್ಷಗಳಲ್ಲಿ ಸುಂಕದ ಪಟ್ಟಿಯ 5002ನೇ ಶೀರ್ಷಿಕೆಯಡಿ ಯಾವ ದೇಶದಿಂದ ಎಷ್ಟು ಟನ್ ಕಚ್ಚಾ ರೇಷ್ಮೆ ಬಂದಿದೆ, ಸರಾಸರಿ ದರ ಎಷ್ಟು? ನೂಲು ಮತ್ತು ಬಟ್ಟೆಯ ರೂಪದಲ್ಲಿ ಬಂದದ್ದು ಎಷ್ಟು? ಇಲ್ಲಿಗೆ ನಿಲ್ಲಿಸಿ. ಎರಡನೆಯ ಭಾಗವೇ ಮುಖ್ಯ. ಕಚ್ಚಾ ರೇಷ್ಮೆಯ ಮೇಲೆ ಸುಂಕ ಏರಿದಾಗ ವ್ಯಾಪಾರಿ ಸುಮ್ಮನೆ ಕೂರುವವನಲ್ಲ. ಅದೇ ಮಾಲು ನೂಲಾಗಿ, ಬಟ್ಟೆಯಾಗಿ ಇನ್ನೊಂದು ಬಾಗಿಲಿನಿಂದ ಬರಬಹುದು. ಆ ಬಾಗಿಲಿನ ಅಂಕಿ ಕೇಳದಿದ್ದರೆ ಮೊದಲನೆಯ ಅಂಕಿ ನಿಮ್ಮನ್ನು ಮೋಸಗೊಳಿಸುತ್ತದೆ.

5. ಗಲ್ಫ್‌ನಿಂದ ಬಂದ ಮೊರೆಗೆ ಮೈಕು ಬೇಡ

ಮದನಪಲ್ಲಿ, ರಾಯಚೋಟಿ ಕಡೆಯಿಂದ ಕುವೈತಿಗೆ ಮನೆಗೆಲಸಕ್ಕೆ ಹೋಗುವುದು ಹಳೆಯ ಸಂಗತಿ. ಗಡಿಯ ಈಚೆಗೂ ಅದೇ ಏಜೆಂಟರು ಬರುತ್ತಾರೆ. ಹಾಗೆ ಹೋದವಳ ಗಂಡ ಕಚೇರಿಗೆ ಬಂದು ಕೂರುತ್ತಾರೆ, ಫೋನಿನಲ್ಲಿ ಹೆಂಡತಿಯ ಧ್ವನಿ ಕೇಳಿಸುತ್ತಾರೆ. ಸಂಬಳ ಕೊಟ್ಟಿಲ್ಲ, ಪಾಸ್‌ಪೋರ್ಟ್ ಕಿತ್ತುಕೊಂಡಿದ್ದಾರೆ, ಹೊರಗೆ ಬಿಡುತ್ತಿಲ್ಲ. ‘ಏನಾದ್ರೂ ಮಾಡಿ ಅಣ್ಣಾ, ಸಾಹೇಬ್ರು ಪಾರ್ಲಿಮೆಂಟಲ್ಲಿ ಮಾತಾಡ್ಲಿ.’

ಮಾತಾಡಿದರೆ ಪತ್ರಿಕೆಯಲ್ಲಿ ಬರುತ್ತದೆ, ನಿಜ. ಆದರೆ ಆ ಹೆಣ್ಣುಮಗಳು ಇನ್ನೂ ಆ ಮನೆಯೊಳಗೇ ಇದ್ದಾಳೆ. ಮೊದಲು ಪಾಸ್‌ಪೋರ್ಟಿನ ನಕಲು, ವೀಸಾ ಚೀಟಿ, ಮಾಲೀಕನ ಹೆಸರು, ಅಲ್ಲಿನ ಫೋನ್ ನಂಬರು, ಕಳಿಸಿದ ಏಜೆಂಟನ ವಿವರ ತೆಗೆದುಕೊಳ್ಳಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಶುರುಮಾಡಿದ ‘ಮದದ್’ ತಾಣದಲ್ಲಿ ದೂರು ದಾಖಲಿಸಿ, ಆ ಸಂಖ್ಯೆ ಹಾಕಿ ರಾಯಭಾರ ಕಚೇರಿಗೆ ಸಂಸದರ ಪತ್ರ ಕಳಿಸಿ. ವಾಪಸಿನ ಟಿಕೆಟ್ಟಿಗೆ ದುಡ್ಡಿಲ್ಲದಿದ್ದರೆ ರಾಯಭಾರ ಕಚೇರಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಪತ್ರದಲ್ಲಿ ಅದನ್ನು ಹೆಸರಿಸಿಯೇ ಕೇಳಿ. ಮನೆಗೆಲಸಕ್ಕೆ ಅಲ್ಲಿಗೆ ಹೋಗುವ ಹೆಣ್ಣುಮಕ್ಕಳಿಗೆ 30 ವರ್ಷ ತುಂಬದೆ ವಲಸೆ ಅನುಮತಿ ಇಲ್ಲ. ಅದನ್ನು ತಪ್ಪಿಸಲು ಏಜೆಂಟರು ಪ್ರವಾಸಿ ವೀಸಾದಲ್ಲಿ ಹತ್ತಿಸುತ್ತಾರೆ. ಹಾಗೆ ಹೋಗಿದ್ದರೆ ಮನೆಯವರು ಹೇಳಲು ಹಿಂಜರಿಯುತ್ತಾರೆ. ಗದರಿಸದೆ ಕೇಳಿ, ಅದು ಗೊತ್ತಾಗದೆ ಕೆಲಸ ಮುಂದಕ್ಕೆ ಹೋಗುವುದಿಲ್ಲ.

ಅವಳು ಊರು ಮುಟ್ಟಿದ ಮೇಲೆ ಏಜೆಂಟರ ಜಾಲದ ಬಗ್ಗೆ ಸದನದಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು.

6. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಸಂಸದರ ಕೈಯಲ್ಲಿ ಹೆಚ್ಚೇನೂ ಇಲ್ಲ

ನಮ್ಮಲ್ಲಿ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಂಸತ್ತಿನ ಮಂಜೂರಾತಿ ಕಡ್ಡಾಯವಲ್ಲ, ಸರ್ಕಾರವೇ ಸಹಿ ಹಾಕಬಹುದು. ಹಾಗಾಗಿ ನಮ್ಮ ಅಹವಾಲು ಮಾತುಕತೆಯ ಹಂತದಲ್ಲೇ ಸರ್ಕಾರಕ್ಕೆ ಮುಟ್ಟಬೇಕು. ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದ ನೆನಪಿರಬಹುದು. ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗವಾಗಿ ಬಂದರೆ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಹೆಂಗಸಿನ ಗತಿ ಏನು ಎಂದು ರೈತ ಸಂಘಟನೆಗಳೂ ಹಾಲು ಒಕ್ಕೂಟಗಳೂ ಎದ್ದು ನಿಂತವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆ ಒಪ್ಪಂದದಿಂದ ಹೊರಗುಳಿಯಿತು. ಅದಕ್ಕೆ ಕಾರಣ ಹಾಲೊಂದೇ ಅಲ್ಲ, ಆದರೂ ಒತ್ತಡ ಸರಿಯಾದ ಸಮಯಕ್ಕೆ ಬಂತು. ಹಳ್ಳಿಯ ಡೇರಿ ಕಾರ್ಯದರ್ಶಿಯಿಂದ ಲೀಟರಿಗೆ ಎಷ್ಟು ಖರ್ಚು, ಎಷ್ಟು ಕೈಗೆ ಸಿಗುತ್ತದೆ ಎಂದು ಬರೆಸಿಕೊಂಡು ವಾಣಿಜ್ಯ ಸಚಿವರಿಗೆ ಕಳಿಸಿದ ಒಂದು ಹಾಳೆಯನ್ನು ನಾನು ಮೂರು ಭಾಷಣಕ್ಕಿಂತ ಮೇಲೆ ಇಡುತ್ತೇನೆ.

7. ಐದು ಕೋಟಿಯನ್ನು ಎಂಟರಿಂದ ಭಾಗಿಸಿ ನೋಡಿ

ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ. ಅದರಲ್ಲೂ ಶೇ. 15 ಪರಿಶಿಷ್ಟ ಜಾತಿಯ, ಶೇ. 7.5 ಪರಿಶಿಷ್ಟ ಪಂಗಡದ ಪ್ರದೇಶಗಳಿಗೆ. ಕೇಳುವುದು ಸಮುದಾಯ ಭವನ, ಹೈಮಾಸ್ಟ್ ದೀಪ, ಬಸ್ ತಂಗುದಾಣ. ಫ್ಲೋರೈಡ್ ನೀರು ಕುಡಿಯುವ ಸೀಮೆಯಲ್ಲಿ ದೀಪಕ್ಕಿಂತ ಮೊದಲು ಶುದ್ಧ ನೀರಿನ ಘಟಕ ಅನ್ನುವುದು ನನ್ನ ಹಟ. ಘಟಕ ಹಾಕಿಸಿದರೆ ಸಾಲದು, ಕೆಟ್ಟಾಗ ರಿಪೇರಿ ಯಾರದು ಎಂದು ಪಂಚಾಯಿತಿಯಿಂದ ಮೊದಲೇ ಬರೆಸಿಕೊಳ್ಳಬೇಕು.

8. ತಿರುಪತಿ ಪತ್ರ, ರೈಲಿನ ತುರ್ತು ಕೋಟಾ

ಕೊಡಿ. ನಿಮಿಷದ ಕೆಲಸ. ಕೇಂದ್ರೀಯ ವಿದ್ಯಾಲಯದ ಸೀಟಿನ ಕೋಟಾ 2022ರಲ್ಲಿ ರದ್ದಾದ ಮೇಲೆ ನಮ್ಮಂಥವರ ಏಪ್ರಿಲ್ ತಿಂಗಳು ತಣ್ಣಗಾಗಿದೆ. ಹತ್ತು ಸೀಟಿಗೆ ನೂರಾರು ಜನರನ್ನು ನಿಷ್ಠುರ ಮಾಡಿಕೊಳ್ಳುವುದು ತಪ್ಪಿತು. ತಡ ಮಾಡಬಾರದ್ದು ಒಂದೇ, ಆಸ್ಪತ್ರೆಯ ಅಂದಾಜು ವೆಚ್ಚದ ಪಟ್ಟಿ ಹಿಡಿದು ಪ್ರಧಾನಮಂತ್ರಿ ಪರಿಹಾರ ನಿಧಿಗೆ ಪತ್ರ ಕೇಳಿ ಬಂದವರದು. ಅದು ಅದೇ ದಿನ ಹೋಗಬೇಕು.

9. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರವನ್ನು ಎಸೆಯಬೇಡಿ

ಲಿಖಿತ ಉತ್ತರದಲ್ಲಿ ಈ ಸಾಲು ಕಂಡರೆ ಹೊಸಬರು ಸಪ್ಪೆ ಮುಖ ಮಾಡುತ್ತಾರೆ. ನಾನು ಅದಕ್ಕೆ ಕೆಂಪು ಗೆರೆ ಎಳೆದು ಇಡುತ್ತಿದ್ದೆ. ‘ಪರಿಶೀಲಿಸಲಾಗುವುದು’, ‘ಮಾಹಿತಿ ಸದನದ ಮುಂದೆ ಇಡಲಾಗುವುದು’ ಎಂಬ ಬಗೆಯ ಮಾತುಗಳು ಸರ್ಕಾರದ ಭರವಸೆಗಳ ಪಟ್ಟಿಗೆ ಸೇರುತ್ತವೆ. ಅವನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಈಡೇರಿದೆಯೇ ಎಂದು ನೋಡುವುದಕ್ಕೆ ಸದನದ್ದೇ ಒಂದು ಸಮಿತಿ ಇದೆ. ಸಚಿವಾಲಯಗಳು ಗಡುವು ವಿಸ್ತರಣೆ ಕೇಳುತ್ತಲೇ ಇರುತ್ತವೆ, ಸಮಿತಿ ಬೆನ್ನು ಬಿಡುವುದಿಲ್ಲ. ಉತ್ತರದ ತಾರೀಕು, ಪ್ರಶ್ನೆಯ ಸಂಖ್ಯೆ, ಮೂರು ತಿಂಗಳು ತುಂಬುವ ದಿನ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಆ ದಿನ ಬೆಳಿಗ್ಗೆ ಸಚಿವಾಲಯದ ಸಂಸದೀಯ ವಿಭಾಗಕ್ಕೆ ಫೋನ್ ಮಾಡಿ. ಎರಡನೇ ಸಲ ಮಾಡುವಾಗ ಅವರು ನಿಮ್ಮ ಹೆಸರು ಗುರುತು ಹಿಡಿಯುತ್ತಾರೆ, ಮೂರನೇ ಸಲಕ್ಕೆ ಫೈಲು ಹುಡುಕಿ ಇಟ್ಟಿರುತ್ತಾರೆ.