ಫೋರ್ಡ್‌ ಅಗ್ಗ, ಇನ್ನೋವಾ ದುಬಾರಿ: ಯಾವುದು ಬಾಳುತ್ತದೆ?

ಪ್ರಶ್ನೆ: ಹಳೆಯ ಫೋರ್ಡ್‌ ಇಕೋಸ್ಪೋರ್ಟ್ ಡೀಸೆಲ್ ಅಗ್ಗಕ್ಕೆ ಸಿಗುತ್ತಿದೆ. ಹತ್ತು ವರ್ಷ ಓಡಿಸಬೇಕು. ಸಾಲ ಮಾಡಿ ಹಳೆಯ ಇನ್ನೋವಾ ಕೊಳ್ಳಲೇ? – ಓದುಗರು, ಬೆಳ್ತಂಗಡಿ

ಉತ್ತರ: ಹತ್ತು ವರ್ಷಕ್ಕಾದರೆ ಇನ್ನೋವಾವೇ ಸರಿ. ಫೋರ್ಡ್‌ ಗಟ್ಟಿಯಾದ ಗಾಡಿ, ಅದರಲ್ಲಿ ತಕರಾರಿಲ್ಲ. ಆದರೆ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಕಂಪನಿ 2021ರಲ್ಲೇ ಘೋಷಿಸಿತು. ಹೀಗಾದಾಗ ಬಿಡಿಭಾಗ ಸಿಗುವುದು ತಡವಾಗಬಹುದು. ಬಿಡಿಭಾಗಕ್ಕಾಗಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುವ ಗಾಡಿ ಎಷ್ಟು ಗಟ್ಟಿಯಿದ್ದರೇನು? ಇನ್ನೋವಾ ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಬಂಟ್ವಾಳ, ಮೂಡುಬಿದಿರೆಯ ಮೆಕ್ಯಾನಿಕ್‌ಗಳ ಕೈಗೂ ಪಳಗಿದೆ.

ಹಾಗೆಂದು ಟೊಯೊಟಾ ಎಂಬ ಜಪಾನಿನ ಹೆಸರು ನೋಡಿ ಮುಂಗಡ ಕೊಡಬೇಡಿ. ಬಾಡಿಗೆಗೆ ಓಡಿದ್ದರೆ ಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ನಿಮ್ಮದೇ ಮೆಕ್ಯಾನಿಕ್‌ ಕರೆದೊಯ್ದು, ಗಾಡಿ ಎತ್ತಿಸಿ ಅಡಿಯ ತುಕ್ಕು ನೋಡಿಸಿ. ನಮ್ಮ ಮಳೆಗೆ ಇದೇ ಮುಖ್ಯ. ಚಾರ್ಮಾಡಿ ಘಾಟಿ ಹತ್ತಿಸಿ, ಎಂಜಿನ್ ಬಿಸಿಯೇರುತ್ತದೆಯೇ ಗಮನಿಸಿ. ನೋಂದಣಿಗೆ 15 ವರ್ಷ ಸಮೀಪಿಸಿದ್ದರೆ ನವೀಕರಣದ ಖರ್ಚನ್ನು ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.