ನಾರಾಯಣಪುರದ ಇಂಗ್ಲಿಷ್ ಮೇಷ್ಟ್ರಿಗೆ ಒಂದು ಮಾತು

ಪಾಠ ಶುರು ಮಾಡಲು ಪುಸ್ತಕವೇ ಬೇಕೆಂದಿಲ್ಲ. ಕೃಷ್ಣೆಗೆ ಕಟ್ಟಿದ ಬಸವಸಾಗರ ಜಲಾಶಯ ನಿಮ್ಮೂರಲ್ಲೇ ಇದೆ. ಡ್ಯಾಮ್, ಗೇಟ್, ಕೆನಾಲ್, ಪಂಪ್‌ಸೆಟ್, ಕರೆಂಟ್: ಮಕ್ಕಳು ಈ ಪದಗಳನ್ನು ಮನೆಯಿಂದಲೇ ತರುತ್ತಾರೆ. ಮೊದಲ ವಾರ ಅವನ್ನೇ ಗೋಡೆಗೆ ಬರೆಸಿ. ಇಂಗ್ಲಿಷ್ ತಮಗೆ ಅಷ್ಟಿಷ್ಟು ಬರುತ್ತದೆ ಎಂಬ ಧೈರ್ಯ ಅಲ್ಲಿಂದ ಹುಟ್ಟುತ್ತದೆ.

ವ್ಯಾಕರಣವನ್ನು ಮಕ್ಕಳ ಕಾಲಿಗೆ ಕಟ್ಟಿ. ಮೂವರನ್ನು ಸಾಲಾಗಿ ನಿಲ್ಲಿಸಿ, ಕೈಗೊಂದು ರಟ್ಟು ಕೊಡಿ: ‘ದ ಫಾರ್ಮರ್’, ‘ವಾಷಸ್’, ‘ದ ಬುಲಕ್’. ಈಗ ಮೊದಲಿನವನೂ ಕೊನೆಯವನೂ ಜಾಗ ಬದಲಿಸಲಿ. ಎತ್ತೇ ರೈತನ ಮೈ ತೊಳೆಯುತ್ತದೆ! ಕನ್ನಡದಲ್ಲಿ ‘ಎತ್ತನ್ನು ರೈತ ತೊಳೆಯುತ್ತಾನೆ’ ಎಂದರೂ ಅರ್ಥ ಕೆಡದು, ‘ಅನ್ನು’ ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಕಾವಲು ಪದ ನಿಂತ ಜಾಗದ್ದು. ಇದನ್ನು ಕನ್ನಡದಲ್ಲೇ ವಿವರಿಸಿ, ಸಂಕೋಚ ಬೇಡ. ತಾಯಿನುಡಿ ತರಗತಿಯ ಶತ್ರುವಲ್ಲ.

‘ಇಸ್ಕೂಲ್’ ಎಂದ ಮಗುವನ್ನು ನಗೆಗೀಡು ಮಾಡಬೇಡಿ. ‘ಸ್ಸ್’ ಎಂದು ಹಾವಿನಂತೆ ಉಸಿರು ಬಿಡಿಸಿ, ಆಮೇಲೆ ‘ಕೂಲ್’ ಸೇರಿಸಿ.

ಇನ್ನು ನಿಮ್ಮ ಕಲಿಕೆ. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗೆ ಅವಕಾಶ ಬಂದರೆ ದೂರವೆಂದು ಬಿಡಬೇಡಿ. ಅಲ್ಲಿಯವರೆಗೆ ಮೊಬೈಲ್ ಸಾಕು. ಹತ್ತು ನಿಮಿಷದ ಪಾಠ ರೆಕಾರ್ಡ್ ಮಾಡಿ, ರಾತ್ರಿ ಒಬ್ಬರೇ ಕೇಳಿ. ನೀವೆಷ್ಟು ಮಾತಾಡಿದಿರಿ, ಹಿಂದಿನ ಬೆಂಚಿನ ಹುಡುಗಿ ಎಷ್ಟು ಮಾತಾಡಿದಳು ಎಂದು ಎಣಿಸಿ. ಮರುದಿನ ಮೊದಲ ಪ್ರಶ್ನೆ ಅವಳಿಗಿರಲಿ, ಉತ್ತರಕ್ಕೆ ಕಾಯಿರಿ.